ಗಿಣಿ ಅಚ್ಚಿನ ಮುರಿದ ಮೂಲೆ

ಡಿಸೆಂಬರ್ 28, 2024. ಶನಿವಾರ. ಸ್ಟರ್ಲಿಂಗ್ ಹೈಟ್ಸ್

ಹನ್ನೊಂದು ಜೊತೆ ಅಚ್ಚಿನ ಮಣೆ. ಮೈಸೂರು ಬಿಡುವಾಗಲೂ ಹನ್ನೊಂದೇ ಇದ್ದವು, ಹಾಗಾಗಿ ಕಸ್ಟಮ್ಸಿನವನು ಒಂದನ್ನೂ ಇಟ್ಟುಕೊಂಡಿಲ್ಲ. ಅವನು ಒಂದೊಂದನ್ನೂ ತಿರುಗಿಸಿ ನೋಡಿ ‘ವಾಟ್ ಈಸ್ ದಿಸ್ ಸರ್’ ಎಂದಿದ್ದ. ನಾನು ‘ಶುಗರ್ ಡಾಲ್ಸ್. ಮೇಡ್ ಬೈ ವೈಫ್. ವೈಫ್ ಎಕ್ಸ್‌ಪೈರ್ಡ್’ ಎಂದೆ. ಪಾಪ, ತಲೆ ತಗ್ಗಿಸಿ ಬಿಟ್ಟುಬಿಟ್ಟ.

ಸುವರ್ಣಮ್ಮ ಹೋಗಿ ಒಂದೂವರೆ ವರ್ಷವಾಯಿತು. ಮಗಳು ಲತಾಶ್ರೀ ಆರು ತಿಂಗಳ ಮಟ್ಟಿಗೆ ನನ್ನನ್ನು ಇಲ್ಲಿಗೆ ಕರೆಸಿಕೊಂಡಿದ್ದಾಳೆ. ಅಳಿಯ ಕಿಶೋರ್ ಕಾರಿನ ಬ್ರೇಕು ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ವಾರದಲ್ಲಿ ಮೂರು ದಿನ ಮಹಡಿಯ ಕೋಣೆಯಿಂದಲೇ ಕೆಲಸ. ಮೊಮ್ಮಗಳು ಸುಚೇತಾಗೆ ಎಂಟು ವರ್ಷ. ಸಂಕ್ರಾಂತಿಯ ದಿನ ಅವಳು ಲಂಗ ಉಟ್ಟು ಅಮ್ಮನ ಜೊತೆ ಐದು ಮನೆಗೆ ಎಳ್ಳು ಬೀರಬೇಕು, ಎಳ್ಳಿನ ಜೊತೆ ಸಕ್ಕರೆ ಅಚ್ಚು ಇರಬೇಕು. ಇಲ್ಲಿ ಅಂಗಡಿಯಲ್ಲಿ ಸಿಗುವುದು ಬರೀ ಬಣ್ಣದ ಕಡ್ಡಿ ಮಿಠಾಯಿ. ಈ ಸಲ ನಾನೇ ಮಾಡುತ್ತೇನೆ ಎಂದೆ. ಲತಾ ನಕ್ಕಳು. ಬಂದ ಮೇಲೆ ಅವಳು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು.

ನಾನು ಪಾಕ ಹಿಡಿದವನಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಪ್ಪು ಹೇಳುತ್ತಿದ್ದವನು. ಆದರೂ ನಲವತ್ತು ವರ್ಷ ನೋಡಿದ್ದು ಕೈಗೆ ಬಾರದೆ ಇರುತ್ತದೆಯೇ?

ಗಿಣಿ ಅಚ್ಚಿನ ಒಂದು ಮೂಲೆ ಮುರಿದಿದೆ, ಸರಿಯಾಗಿ ಕೊಕ್ಕಿನ ಹತ್ತಿರ. ಯಾವಾಗ ಮುರಿಯಿತೋ. ಅದರಲ್ಲಿ ಎರೆದರೆ ಗಿಣಿ ಕೊಕ್ಕಿಲ್ಲದೆ ಹುಟ್ಟುತ್ತದೆ. ಸುವರ್ಣ ಆ ಮಣೆಯನ್ನು ಎಸೆಯಲೇ ಇಲ್ಲ. ಪ್ರತಿ ವರ್ಷ ಅದರಲ್ಲೂ ಎರೆದು, ಆ ಕೊಕ್ಕಿಲ್ಲದ ಗಿಣಿಯನ್ನು ನನ್ನ ತಟ್ಟೆಗೇ ಇಡುತ್ತಿದ್ದಳು. ಗಂಡನಿಗೆಂದು ಒಂದು ಎತ್ತಿಡುವ ಪ್ರೀತಿ, ಬೇರೇನು.

ಜನವರಿ 4, ಶನಿವಾರ

ಮೊದಲ ಸಲದ್ದು ಪೂರ್ತಿ ಹಾಳು. ತಪ್ಪು ನನ್ನದೇ. ಮಣೆಗಳನ್ನು ತೊಳೆದೆ. ಊರಿನಲ್ಲಾದರೆ ನೆರಳಲ್ಲಿ ಆರಿಸುತ್ತಿದ್ದಳು. ಇಲ್ಲಿ ಎಲ್ಲವೂ ನೆರಳೇ ಎಂದು ನೆಲದ ಹೀಟರಿನ ಜಾಲರಿಯ ಮೇಲೆ ಸಾಲಾಗಿ ಇಟ್ಟೆ. ಬೆಳಿಗ್ಗೆ ನೋಡಿದರೆ ಆನೆಯೂ ಗೋಪುರವೂ ಸೀಳು ಬಿಟ್ಟಿವೆ. ಉಳಿದವಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಪಾಕ ಎರೆದೆ. ಒಣ ಮರಕ್ಕೆ ಸಕ್ಕರೆ ಕಚ್ಚಿಕೊಂಡಿತು. ಮೀನಿಗೆ ಬಾಲ ಬರಲಿಲ್ಲ, ತುಳಸಿಕಟ್ಟೆ ಎರಡಾಯಿತು. ನೀರಿನಲ್ಲಿ ನೆನೆಸಬೇಕಿತ್ತು. ಅವಳು ಹಿಂದಿನ ದಿನವೇ ಬಕೆಟ್ಟಿಗೆ ಹಾಕಿಡುತ್ತಿದ್ದದ್ದು ಈಗ ನೆನಪಾಗುತ್ತದೆ.

ಎರೆಯುತ್ತಿದ್ದಾಗ ಮೇಲಿನಿಂದ ಧಡ್ ಎಂದು ಶಬ್ದ. ಇನ್ನೊಂದು. ಸುಚೇತಾ ಟಿವಿಯಿಂದ ಕಣ್ಣು ತೆಗೆಯದೆ ಅದರ ದನಿ ಜೋರು ಮಾಡಿದಳು. ಮೂರನೆಯ ಶಬ್ದಕ್ಕೆ ಎದ್ದು ಬಂದು ನನ್ನ ಒಲೆ ಆರಿಸಿದಳು, ಕೈ ಹಿಡಿದು ಅಕ್ಕಿಬೇಳೆ ಇಡುವ ಪುಟ್ಟ ಕೋಣೆಯೊಳಗೆ ಕರೆದುಕೊಂಡು ಹೋದಳು. ಅಕ್ಕಿ ಮೂಟೆಯ ಹಿಂದೆ ಒಂದು ದಿಂಬು, ಬಿಸ್ಕತ್ತಿನ ಪೊಟ್ಟಣ, ಒಂದು ಟಾರ್ಚು.

‘ದಿಸ್ ಈಸ್ ವೇರ್ ವಿ ವೆಯ್ಟ್, ತಾತ.’

‘ಯಾತಕ್ಕಮ್ಮ?’

‘ಟಿಲ್ ಇಟ್ಸ್ ಡನ್.’

ಇಬ್ಬರೂ ಬಿಸ್ಕತ್ತು ತಿಂದೆವು. ಮಕ್ಕಳು ಎಲ್ಲಿ ಹೋದರೂ ಒಂದು ಮನೆಯಾಟ ಕಟ್ಟಿಕೊಳ್ಳುತ್ತವೆ.

ಜನವರಿ 5, ಭಾನುವಾರ

ಲತಾಳ ಎಡ ಮಣಿಕಟ್ಟು ನೇರಳೆ ಬಣ್ಣಕ್ಕೆ ತಿರುಗಿದೆ. ಕಬೋರ್ಡಿನ ಬಾಗಿಲು ತಾಗಿತಂತೆ. ಕಬೋರ್ಡಿನ ಬಾಗಿಲಿಗೆ ನಾಲ್ಕು ಬೆರಳು ಇರುವುದಿಲ್ಲ. ಅಷ್ಟು ನನಗೂ ಗೊತ್ತಾಗುತ್ತದೆ.

ನಾನು ಮೈಸೂರಿನಲ್ಲಿ ಗುಮಾಸ್ತನಾಗಿದ್ದುಕೊಂಡೇ ಒಂದು ವರ್ಷ ಸಂಜೆ ಲಾ ಕಾಲೇಜಿಗೆ ಮಣ್ಣು ಹೊತ್ತವನು. ಉಳಿದದ್ದೆಲ್ಲ ಮರೆತರೂ ಇದು ತಲೆಯಲ್ಲಿ ನಿಂತಿದೆ. ಹೊಡೆತದಲ್ಲಿ ಎರಡು ಜಾತಿ. ಒಂದು ಸಿಂಪಲ್ ಹರ್ಟ್, ಇನ್ನೊಂದು ಗ್ರೀವಿಯಸ್ ಹರ್ಟ್. ಗ್ರೀವಿಯಸ್ ಎಂದರೆ ಎಂಟೇ ಬಗೆ, ಒಂಬತ್ತನೆಯದಿಲ್ಲ. ಪುರುಷತ್ವ ಹೋಗುವುದು, ಕಣ್ಣು ಹೋಗುವುದು, ಕಿವಿ ಹೋಗುವುದು, ಅಂಗ ಹೋಗುವುದು, ಅಂಗ ಇದ್ದೂ ಶಕ್ತಿ ಹೋಗುವುದು, ಮುಖ ವಿಕಾರವಾಗುವುದು, ಇಪ್ಪತ್ತು ದಿನ ನರಳುವುದು. ಏಳಾಯಿತು. ಇನ್ನೊಂದು ಇದೆ, ಬಾಯಿಗೆ ಬರುತ್ತಿಲ್ಲ. ಅದೇನೇ ಇರಲಿ, ಮಣಿಕಟ್ಟು ಸಿಂಪಲ್.

ಕಿಶೋರ್ ಕೆಟ್ಟವನಲ್ಲ. ಕಾರ್ಖಾನೆಯಲ್ಲಿ ಜನರನ್ನು ತೆಗೆಯುತ್ತಿದ್ದಾರಂತೆ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು. ಗಂಡಸಿಗೆ ತಲೆ ಬಿಸಿಯಾಗುತ್ತದೆ. ನಾನೂ ಕೋಪಿಷ್ಠನೇ. ಆದರೆ ಕಾರಣವಿಲ್ಲದೆ ಕೈ ಎತ್ತಿದವನಲ್ಲ.

ಜನವರಿ 9, ಗುರುವಾರ

ಎರಡನೆಯ ಸಲದ ಪಾಕ ಸೋಸುವಾಗ ಸ್ವಲ್ಪ ನೆಲಕ್ಕೆ ಚೆಲ್ಲಿತ್ತು. ಒರೆಸಿದೆ ಎಂದುಕೊಂಡೆ. ಸಕ್ಕರೆ ಒರೆಸಿದಷ್ಟೂ ಹರಡುತ್ತದೆ. ಮಧ್ಯಾಹ್ನ ಊಟಕ್ಕೆ ಇಳಿದು ಬಂದ ಕಿಶೋರನ ಕಾಲಿಗೆ ಅಂಟಿತು. ಜಾರಲಿಲ್ಲ, ಎಡವಿದ. ಕೈಯಲ್ಲಿದ್ದ ಫೋನು ಬಿದ್ದು ಗಾಜು ಒಡೆಯಿತು.

‘ಯಾರು ಚೆಲ್ಲಿದ್ದು ಇದನ್ನ?’

‘ನಾನೇ’ ಎಂದಳು ಲತಾ. ನನ್ನ ಬಾಯಲ್ಲಿ ಅನ್ನವಿತ್ತು.

‘ನಿಂಗೆ ಎಷ್ಟು ಸಲ ಹೇಳ್ಬೇಕು?’

‘ಒರೆಸ್ತೀನಿ ಅಂದ್ನಲ್ಲ ಕಿಶೋರ್, ಕಿರುಚ್ಬೇಡಿ, ಅಪ್ಪ ಇದಾರೆ.’

ಅವಳ ಜಡೆಯನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು ನೆಲಕ್ಕೆ ಬಗ್ಗಿಸಿದ. ಮಂಡಿ ನೆಲಕ್ಕೆ ಬಡಿದ ಸದ್ದು ಕೇಳಿತು. ‘ನೆಕ್ಕು. ಬಟ್ಟೆ ಬೇಡ, ನಾಲಿಗೇಲಿ ತೆಗಿ’ ಎಂದ. ಮುಖವನ್ನು ನೆಲಕ್ಕೆ ಒತ್ತಿ ಉಜ್ಜಿದ, ಒಂದು ಸಲ, ಎರಡು ಸಲ. ತುಟಿ ಒಡೆದು ಸಕ್ಕರೆಯ ಮೇಲೆ ಕೆಂಪು ಗೆರೆ ಬಂತು. ಆಮೇಲೆ ಎದ್ದು ಕೈ ತೊಳೆದುಕೊಂಡು ನನ್ನ ಎದುರು ಕೂತ.

‘ಸಾರಿ ಮಾವ. ನೀವು ಊಟ ಮಾಡಿ. ಸಾರು ಹಾಕ್ಲಾ?’

ಹಾಕಿದ. ನಾನು ಉಂಡೆ.

ಅವನು ಮೇಲೆ ಹೋದ ಮೇಲೆ ಲತಾಗೆ ಐಸು ಕೊಟ್ಟೆ. ‘ಎದುರು ಮಾತಾಡ್ಬಾರ್ದಿತ್ತಮ್ಮ’ ಎಂದೆ. ಬುದ್ಧಿ ಹೇಳುವುದು ತಂದೆಯ ಕರ್ತವ್ಯ.

ಅವಳು ಐಸನ್ನು ತುಟಿಗೆ ಒತ್ತಿಕೊಂಡೇ ಕೇಳಿದಳು: ‘ಅಮ್ಮ ಎದುರು ಮಾತಾಡ್ತಿದ್ಲಾ ಅಪ್ಪ?’

ಜನವರಿ 10, ಶುಕ್ರವಾರ

ಹಿಮ. ಬರೆಯುವಂಥದ್ದು ಏನೂ ಇಲ್ಲ.

ಜನವರಿ 11, ಶನಿವಾರ

ಎರಡು ಮನೆಯಾಚೆಯ ಗುರುದೇವಿ ಬಿಳಿ ಎಳ್ಳು ತಂದುಕೊಟ್ಟಳು. ಗದಗದ ಕಡೆಯ ಹೆಂಗಸು, ನರ್ಸು. ಬಾಗಿಲಲ್ಲೇ ಬೂಟು ಬಿಚ್ಚುತ್ತ ಶುರು ಮಾಡಿದಳು.

‘ಏನ್ರೀ ಕಾಕಾ, ಸಕ್ರಿ ಅಚ್ಚು ಮಾಡಾಕತ್ತೀರಂತ? ಸುಚೇತಾ ಹೇಳಿದ್ಲು, ತಾತನ ಆನಿಗೆ ಕಾಲಾ ಇಲ್ಲಂತ.’

‘ಆನೆಗೆ ಬರುತ್ತೆ ಬಿಡಿ.’

‘ಲತಾನ ತುಟಿಗೆ ಏನಾತು?’

‘ಬಚ್ಚಲಲ್ಲಿ ಕಾಲು ಜಾರಿತು. ನೆಲ ಒದ್ದೆಯಿತ್ತು. ನೋಡಿ ನಡಿ ಅಂತ ಎಷ್ಟು ಸಲ ಹೇಳಿದೀನಿ.’

ಗುರುದೇವಿ ಬೂಟು ಬಿಚ್ಚುವುದನ್ನು ನಿಲ್ಲಿಸಿದಳು.

‘ಕಾಕಾ, ಈ ದೇಶದಾಗ ಬಚ್ಚಲದ ನೆಲ ಒದ್ದಿ ಇರಂಗಿಲ್ರೀ. ಪರದೆ ಹಾಕ್ಕೊಂಡು ತೊಟ್ಟಿ ಒಳಗ ಜಳಕ ಮಾಡ್ತಾರ, ಕೆಳಗ ಚಾಪಿ ಹಾಸಿರ್ತಾರ. ಸುಳ್ಳು ಹೇಳಾಕೂ ಊರ ಬದಲಾಗಬೇಕಾಗ್ತದ.’

ನಾನು ಎಳ್ಳಿನ ಪೊಟ್ಟಣವನ್ನು ಎತ್ತಿ ಮೇಜಿನ ಮೇಲಿಟ್ಟೆ.

‘ನನ್ನ ನಂಬರ್ ಆ ಕೂಸಿಗೆ ಕೊಟ್ಟೀನಿ. ಪೊಲೀಸರನ್ನ ಕರಿಯಾಕ ಒಂಬತ್ತು ಒಂದು ಒಂದು ಅಂತ ಅದಕ್ಕ ಸಾಲ್ಯಾಗ ಕಲಿಸ್ಯಾರ. ನಿಮಗ ಯಾರೂ ಕಲಿಸಿಲ್ಲ ಅನ್ನಸ್ತದ.’

ಎಂಥ ಬಾಯಿ! ಎಳ್ಳನ್ನು ವಾಪಸು ಕೊಡಬೇಕು ಎನ್ನಿಸಿತು. ಪರರ ಸಂಸಾರದಲ್ಲಿ ಮೂಗು ತೂರಿಸುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ.

ಒಂದು ಮಾತ್ರ ವಿಚಿತ್ರ. ಕಾಲು ಜಾರಿತು, ನೆಲ ಒದ್ದೆಯಿತ್ತು, ಎಷ್ಟು ಸಲ ಹೇಳಿದೀನಿ. ಈ ಮೂರು ಮಾತನ್ನು ಇದೇ ಕ್ರಮದಲ್ಲಿ ನಾನು ಇನ್ನೊಂದು ಕಡೆ ಹೇಳಿದ್ದೇನೆ. ಮೈಸೂರಿನಲ್ಲಿ, ಒಂಟಿಕೊಪ್ಪಲಿನ ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಕೂತು. ಪಕ್ಕದಲ್ಲಿ ಸುವರ್ಣ ಸೆರಗನ್ನು ಬಾಯಿಗೆ ಅದುಮಿಕೊಂಡಿದ್ದಳು. ಆ ಡಾಕ್ಟರು ‘ಹುಷಾರಾಗಿರ್ಬೇಕಮ್ಮ’ ಎಂದು ಅವಳಿಗೇ ಹೇಳಿದರು. ಅಲ್ಲಿ ಬಚ್ಚಲು ಒದ್ದೆಯೇ ಇರುತ್ತಿತ್ತು.

ಜನವರಿ 12, ಭಾನುವಾರ

ಬಂತು! ಇವತ್ತು ಬಂತು.

ಕಿಶೋರ್ ಬೆಳಿಗ್ಗೆಯಿಂದ ಹೊರಗಿದ್ದ. ಮಣೆಗಳು ನಿನ್ನೆಯಿಂದ ನೀರಿನಲ್ಲಿ. ಮರ ನೆನೆದು ಆನೆಯ, ಗೋಪುರದ ಸೀಳೂ ಕೂಡಿಕೊಂಡಿತ್ತು. ಸಕ್ಕರೆಗೆ ನೀರು ಹಾಕಿ ಕುದಿಸಿ, ಹಾಲು ಬಿಟ್ಟೆ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂತು. ಬಟ್ಟೆಯಲ್ಲಿ ಸೋಸಿ, ಪುಟ್ಟ ಬಾಣಲೆಗೆ ಒಂದೇ ಸೌಟು ತೆಗೆದುಕೊಂಡೆ. ಗುಟ್ಟು ಇದೇ, ಒಂದೇ ಸೌಟು. ಜಾಸ್ತಿ ತೆಗೆದುಕೊಂಡರೆ ಬಾಣಲೆಯಲ್ಲೇ ಗಟ್ಟಿಯಾಗುತ್ತದೆ. ಗುಳ್ಳೆ ದಪ್ಪಗಾದಾಗ ಎರಡು ಹನಿ ನಿಂಬೆರಸ, ಚಮಚದ ಬೆನ್ನಿನಿಂದ ಬಾಣಲೆಯ ಗೋಡೆಗೆ ಉಜ್ಜುವುದು, ಹಾಲಿನಂತೆ ಬಿಳಿಯಾದ ಕ್ಷಣಕ್ಕೆ ಎರೆಯುವುದು. ಸುಚೇತಾ ರಬ್ಬರ್ ಬ್ಯಾಂಡ್ ಹಾಕುವವಳು, ನಾನು ಎರೆಯುವವನು. ಬಿಚ್ಚಿದಾಗ ಆನೆ ಸೊಂಡಿಲು ಸಮೇತ ಎದ್ದು ನಿಂತಿತು. ಮಗು ಚಪ್ಪಾಳೆ ತಟ್ಟಿದಳು.

ಆ ಸಂಭ್ರಮದಲ್ಲಿ ಅವಳ ಮೊಣಕೈ ತಾಗಿ ಕಮಲದ ಮಣೆ ಉರುಳಿತು. ‘ಏಯ್!’ ಎಂದೆ. ಕೈಯಲ್ಲಿ ಚಮಚವಿತ್ತು, ಕೈ ಮೇಲಿತ್ತು. ಅಷ್ಟೇ.

ಅವಳು ಅಳಲಿಲ್ಲ. ಎರಡೂ ಅಂಗೈಗಳನ್ನು ಕಿವಿಯ ಮೇಲಿಟ್ಟು, ಮೊಣಕೈಗಳನ್ನು ಮುಖದ ಮುಂದೆ ಜೋಡಿಸಿ, ಗೋಡೆಗೆ ತಿರುಗಿ ನಿಂತಳು. ತುಂಬ ಅಚ್ಚುಕಟ್ಟಾಗಿ. ನಾನು ಆ ಮಗುವನ್ನು ಒಂದು ಸಲವೂ ಹೊಡೆದಿಲ್ಲ. ಸುವರ್ಣ ಕೂಡ ಹಾಗೇ ಕೈ ಇಟ್ಟುಕೊಳ್ಳುತ್ತಿದ್ದಳು. ಅವಳನ್ನು ಈ ಮಗು ನೋಡಿದ್ದು ಫೋನಿನಲ್ಲಿ ಮಾತ್ರ. ಹಾಗಿದ್ದರೆ ಇದನ್ನು ಯಾರಿಂದ ಕಲಿತಳು?

ಚಮಚವನ್ನು ಕೆಳಗಿಟ್ಟೆ. ‘ಇಲ್ಲಮ್ಮ, ಇಲ್ಲ’ ಎಂದೆ. ಅವಳು ತಿರುಗಲು ಬಹಳ ಹೊತ್ತು ಹಿಡಿಯಿತು.

ಸಂಜೆ ಲತಾ ಅಚ್ಚುಗಳನ್ನು ಡಬ್ಬಿಗೆ ಜೋಡಿಸುತ್ತ ಮೆಲ್ಲಗೆ ಹೇಳಿದಳು.

‘ಅಪ್ಪ, ಮಂಗಳವಾರ ಹಬ್ಬ. ಕಿಶೋರ್ ಪ್ಲಾಂಟ್‌ಗೆ ಹೋಗಿರ್ತಾರೆ. ಇದ್ರೂ ಪರ್ವಾಗಿಲ್ಲ, ಎಳ್ಳು ಬೀರೋಕೆ ಹೋಗ್ತೀನಿ ಅಂದ್ರೆ ತಡೆಯಲ್ಲ. ಐದು ಮನೆ ಅಂದ್ರೆ ಎರಡು ಗಂಟೆ ಆಗುತ್ತೆ ಅಂತ ಗೊತ್ತು. ಆ ಎರಡು ಗಂಟೇಲಿ ನಾವು ಇಲಿನಾಯ್ ದಾರೀಲಿರ್ತೀವಿ. ಪವಿತ್ರ ಬೋಲಿಂಗ್‌ಬ್ರೂಕಿಂದ ಬಂದು ಗುರುದೇವಿ ಮನೇಲಿ ಕಾಯ್ತಾಳೆ.’

ಪವಿತ್ರ ಅವಳ ಕಾಲೇಜಿನ ಗೆಳತಿ.

‘ಪೊಲೀಸಿಗೆ ಹೇಳಬಹುದಲ್ಲ?’

‘ನನ್ನ ವೀಸಾ ಅವರ ಕೆಲಸದ ಮೇಲೆ ನಿಂತಿದೆ. ಅವರನ್ನ ಒಳಗೆ ಹಾಕಿದ್ರೆ ನಾವೆಲ್ಲಾ ಏನಾಗ್ತೀವೋ. ಮೊದ್ಲು ದೂರ ಹೋಗ್ತೀನಿ, ಆಮೇಲೆ ಲಾಯರ್ ಹತ್ರ.’

ಎರಡು ಪಾಸ್‌ಪೋರ್ಟುಗಳನ್ನು ಡಬ್ಬಿಯ ತಳದಲ್ಲಿ ಇಟ್ಟಳು. ಮೇಲೆ ಕಾಗದ. ಅದರ ಮೇಲೆ ನನ್ನ ಆನೆ, ಮೀನು, ತುಳಸಿಕಟ್ಟೆ.

‘ಇಷ್ಟು ದಿನ ಯಾಕಮ್ಮ ಸಹಿಸಿಕೊಂಡೆ?’ ಎಂದೆ.

‘ಅದು ಮಾಮೂಲು ಅನ್ಕೊಂಡಿದ್ದೆ. ನಮ್ಮನೇಲೂ ಇತ್ತಲ್ಲ.’

ನಾನು ಡಬ್ಬಿಯ ಮುಚ್ಚಳ ಹುಡುಕಿದೆ. ಅದು ನನ್ನ ಕೈಯಲ್ಲೇ ಇತ್ತು.

ಜನವರಿ 15, ಬುಧವಾರ. ಗುರುದೇವಿಯ ಮನೆ

ನಿನ್ನೆಯದನ್ನು ಕ್ರಮವಾಗಿ ಬರೆಯಬೇಕು. ಎಡಗಡೆ ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಕೂತು ಬರೆಯುವುದು ಕಷ್ಟ. ಆದರೂ.

ಕಿಶೋರ್ ಕಾರ್ಖಾನೆಗೆ ಹೋಗಲಿಲ್ಲ. ರಸ್ತೆಯಲ್ಲಿ ಮಂಜುಗಡ್ಡೆ ಎಂದು ಮನೆಯಲ್ಲೇ ಉಳಿದ. ಮೂರೂವರೆಗೆ ಸುಚೇತಾ ಶಾಲೆಯಿಂದ ಬಂದು ಹಸಿರು ಲಂಗ ಉಟ್ಟಳು. ಲತಾ ಒಡೆದ ತುಟಿಗೆ ಬಣ್ಣ ಹಚ್ಚಿಕೊಂಡು ಸೀರೆ ಉಟ್ಟಿದ್ದಳು. ಐದನೆಯ ಮನೆಗೆ ಒಂದು ಅಚ್ಚು ಕಡಿಮೆ ಬಿದ್ದಿತ್ತು. ನಾನು ಒಲೆಯ ಮುಂದೆ ಒಂದು ಸೌಟು ಪಾಕ ಇಟ್ಟುಕೊಂಡು ಗುಳ್ಳೆ ನೋಡುತ್ತಿದ್ದೆ. ಎಲ್ಲವೂ ಸರಿಯಾಗಿತ್ತು.

ಕಿಶೋರ್ ಇಳಿದು ಬಂದ. ನಗುತ್ತಿದ್ದ. ‘ವಾವ್ ಮಾವ, ಪ್ರೊಫೆಷನಲ್ ಥರ ಇದೆ’ ಎಂದ. ಒಂದು ಮೀನನ್ನು ಕಡಿದ. ಚೆನ್ನಾಗಿದೆ ಎಂದು ಗೋಪುರಕ್ಕೆ ಕೈ ಹಾಕಿದ. ಅದನ್ನು ತೆಗೆದಾಗ ಕಾಗದ ಸರಿದು ನೀಲಿ ಅಂಚು ಕಂಡಿತು.

ಅವನು ಕೂಗಲಿಲ್ಲ. ಪಾಸ್‌ಪೋರ್ಟನ್ನು ತೆರೆದು ಸುಚೇತಾಳ ಫೋಟೋ ನೋಡಿದ. ಮುಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಲತಾಳ ಕಪಾಳಕ್ಕೆ ಬಾರಿಸಿದ. ಅವಳು ಸಿಂಕಿಗೆ ಬಡಿದು ನಿಂತಳು. ಹೊಟ್ಟೆಗೆ ಒದ್ದ. ಬಗ್ಗಿದವಳ ಬೆನ್ನಿನ ಮೇಲೆ ಮೊಣಕೈಯಿಂದ ಗುದ್ದಿದ. ಡಬ್ಬಿ ಉರುಳಿ ಅಚ್ಚುಗಳೆಲ್ಲ ನೆಲದ ಮೇಲೆ. ಅವನ ಕಾಲಡಿ ಆನೆ ಪುಡಿಯಾದ ಸದ್ದು ಕೇಳಿತು. ಸುಚೇತಾ ಪುಟ್ಟ ಕೋಣೆಗೆ ಓಡಿದಳು. ‘ನನ್ನ ಮಗಳನ್ನ ಕದೀತೀಯಾ? ನನ್ನ ಮಗಳನ್ನ?’ ಎಂದು ಅವನು ಸಿಂಕಿನ ಪಕ್ಕ ಇಟ್ಟಿದ್ದ ಒದ್ದೆ ಮಣೆಯೊಂದನ್ನು ಎತ್ತಿಕೊಂಡು ಅವಳ ಬಾಯಿಗೆ ಹೊಡೆದ. ಮತ್ತೆ ಎತ್ತಿದ.

ಅದು ಗಿಣಿ. ಮುರಿದ ಮೂಲೆ ಕಾಣುತ್ತಿತ್ತು. ಅದು ಯಾವಾಗ ಮುರಿಯಿತು ಎಂದು ನನಗೆ ಆಗ ನೆನಪಾಯಿತು.

ನಾನು ಬಾಣಲೆ ಎತ್ತಿ ಅವನ ಕೈಯ ಮೇಲೆ ಸುರಿದೆ. ಚೆಲ್ಲಲಿಲ್ಲ, ಎಡವಲಿಲ್ಲ. ಮಣಿಕಟ್ಟಿನಿಂದ ಮೊಣಕೈಯವರೆಗೆ, ಅಚ್ಚಿಗೆ ಎರೆದಷ್ಟೇ ಜೋಪಾನವಾಗಿ ಸುರಿದೆ. ಕುದಿಯುವ ನೀರಾದರೆ ಹರಿದು ಹೋಗುತ್ತದೆ. ಪಾಕ ಹೋಗುವುದಿಲ್ಲ. ಅಂಟಿಕೊಂಡು, ಅಲ್ಲೇ ಬೇಯಿಸುತ್ತ, ಬೆಳ್ಳಗೆ ಗಟ್ಟಿಯಾಗುತ್ತದೆ. ಅವನು ಇನ್ನೊಂದು ಕೈಯಿಂದ ಕಿತ್ತ, ಚರ್ಮವೂ ಜೊತೆಯಲ್ಲಿ ಬಂತು. ಅಂಥ ಕೂಗನ್ನು ನಾನು ಕೇಳಿಲ್ಲ. ಕೂಗುತ್ತಲೇ ನನ್ನನ್ನು ಒದ್ದ. ಬಿದ್ದೆ. ಬಿದ್ದಲ್ಲಿ ಮತ್ತೆ ಎರಡು ಸಲ ಒದ್ದ. ನನ್ನ ಕೈ ನಡುಗುತ್ತಿರಲಿಲ್ಲ. ಹಿಂದೆಯೂ ನಡುಗಿರಲಿಲ್ಲ.

ತೆವಳಿಕೊಂಡು ಹೋಗಿ ಲತಾಳ ಬಾಯೊಳಗೆ ಬೆರಳು ಹಾಕಿ ನೋಡಿದೆ. ಹಲ್ಲೆಲ್ಲ ಗಟ್ಟಿಯಾಗಿದ್ದವು. ಪ್ರತಿಯೊಂದನ್ನೂ ಅಲ್ಲಾಡಿಸಿ ನೋಡಿದೆ.

ಪೊಲೀಸರು ಬಂದರು. ಅಕ್ಕಿ ಮೂಟೆಯ ಹಿಂದಿನಿಂದ ಫೋನು ಮಾಡಿದ್ದು ಸುಚೇತಾ. ಒಬ್ಬಳು ಅಧಿಕಾರಿಣಿ, ಎತ್ತರದ ಹೆಂಗಸು, ಪುಸ್ತಕ ತೆಗೆದು ನನ್ನ ಹತ್ತಿರ ಕುಕ್ಕುರುಗಾಲಲ್ಲಿ ಕೂತಳು. ಕಿಶೋರ್ ಕೈಯನ್ನು ನಲ್ಲಿಯ ಕೆಳಗಿಟ್ಟುಕೊಂಡು ಹಲ್ಲು ಕಚ್ಚಿ ‘ಇಟ್ ವಾಸ್ ಆನ್ ಆಕ್ಸಿಡೆಂಟ್. ವಿ ವರ್ ಕುಕಿಂಗ್’ ಎಂದ. ಅವನಿಗೂ ವೀಸಾ ನೆನಪಿತ್ತು. ಲತಾ ರಕ್ತ ಉಗುಳಿ ನನಗೆ ಕನ್ನಡದಲ್ಲಿ ಹೇಳಿದಳು: ‘ಅಪ್ಪ, ಕೈಜಾರಿ ಬಿತ್ತು ಅಂತ ಹೇಳಿಬಿಡಿ. ನೀವು ಸುರಿದ್ರಿ ಅಂದ್ರೆ ನಿಮ್ಮನ್ನ ಹಿಡ್ಕೊಂಡು ಹೋಗ್ತಾರೆ.’

ಮೂವರೂ ಒಂದೇ ಮಾತು ಹೇಳಿದ್ದರೆ ಅವರು ಹೊರಟುಹೋಗುತ್ತಿದ್ದರು. ಆ ಮೂರು ವಾಕ್ಯ ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು. ಬಾಗಿಲಿನ ಸಂದಿಯಲ್ಲಿ ಮಗು ನನ್ನನ್ನೇ ನೋಡುತ್ತಿದ್ದಳು.

‘ನೋ ಬಾತ್‌ರೂಮ್’ ಎಂದೆ.

‘ಎಕ್ಸ್‌ಕ್ಯೂಸ್ ಮಿ?’

‘ಹಿ ಬೀಟ್ ಹರ್. ಮೆನಿ ಡೇಸ್. ಥರ್ಸ್‌ಡೇ ಆಲ್ಸೋ. ಐ ವಾಸ್ ಪ್ರೆಸೆಂಟ್. ಐ ವಾಸ್ ಈಟಿಂಗ್ ಲಂಚ್.’

‘ಅವನ ಕೈಯ ಮೇಲೆ ಅದನ್ನು ಹಾಕಿದ್ದು ಯಾರು’ ಎಂಬ ಅರ್ಥದಲ್ಲಿ ಕೇಳಿದಳು.

‘ಐ ಪೋರ್ಡ್. ವಾಲಂಟರಿಲಿ.’ ಕಾಲೇಜಿನಲ್ಲಿ ಕಲಿತ ಶಬ್ದ, ಐವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಅವಳು ಬರೆದುಕೊಂಡಳು. ಇಂಥದ್ದು ಮೊದಲೂ ಆಗಿತ್ತೇ ಎಂದು ಕೇಳಿದಳು.

‘ಎಸ್ ಮೇಡಮ್. ನೈನ್ಟೀನ್ ಎಯ್ಟಿ ಎಯ್ಟ್. ಸೇಮ್ ಫೆಸ್ಟಿವಲ್. ಸೇಮ್ ವುಡ್.’

‘ಇನ್ ದಿಸ್ ಹೌಸ್, ಸರ್?’

‘ಇನ್ ಮೈ ಹೌಸ್.’

ಅವಳ ಪೆನ್ನು ನಿಂತಿತು. ‘ಲೆಟ್ಸ್ ಸ್ಟೇ ವಿತ್ ಟುಡೇ’ ಎಂದಳು. ಆ ಹೊತ್ತಿನಲ್ಲಿ ಅದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಪಕ್ಕೆಯ ನೋವಿಗೆ ತಲೆ ಸರಿಯಿರಲಿಲ್ಲ ಎಂದು ಕಾಣುತ್ತದೆ.

ಜನವರಿ 18, ಶನಿವಾರ

ಕಿಶೋರ್ ಆಸ್ಪತ್ರೆಯಿಂದ ಜೈಲಿಗೆ, ಜೈಲಿನಿಂದ ಜಾಮೀನಿನ ಮೇಲೆ ಹೊರಕ್ಕೆ. ಲತಾ, ಸುಚೇತಾ ಇಬ್ಬರ ಹತ್ತಿರವೂ ಸುಳಿಯಕೂಡದೆಂದು ಕೋರ್ಟು ಹೇಳಿದೆ. ನನ್ನ ಮೇಲೆ ಕೇಸು ಹಾಕಬೇಕೋ ಬೇಡವೋ ಎಂದು ಸರ್ಕಾರಿ ವಕೀಲರು ನೋಡುತ್ತಿದ್ದಾರೆ. ಅಲ್ಲಿಯವರೆಗೆ ರಾಜ್ಯ ಬಿಟ್ಟು ಹೋಗುವಂತಿಲ್ಲ. ಬೋಲಿಂಗ್‌ಬ್ರೂಕ್ ಬೇರೆ ರಾಜ್ಯ.

ಪವಿತ್ರ ಇವತ್ತು ಹನ್ನೊಂದಕ್ಕೆ ಮತ್ತೆ ಬಂದು ಅವರನ್ನು ಕರೆದುಕೊಂಡು ಹೋದಳು. ವೀಸಾ ವಿಷಯಕ್ಕೆ ಲಾಯರು ಸಿಕ್ಕಿದ್ದಾರೆ. ದಾರಿಯಿದೆ ಎಂದರಂತೆ, ಎಷ್ಟು ಉದ್ದದ ದಾರಿ ಎಂದು ಹೇಳಲಿಲ್ಲ. ಲತಾ ಕಾರಿನ ಗಾಜು ಇಳಿಸಿ ‘ಮಾತ್ರೆ ಮರೀಬೇಡಿ ಅಪ್ಪ’ ಎಂದಳು. ಇನ್ನೇನೋ ಹೇಳುತ್ತಾಳೆ ಎಂದು ಕಾದೆ. ನಾನು ಹೇಳುತ್ತೇನೆ ಎಂದು ಅವಳೂ ಕಾದಿರಬೇಕು. ಹಿಮ ಒಳಗೆ ಬರುತ್ತದೆಂದು ಪವಿತ್ರ ಗಾಜು ಏರಿಸಿದಳು.

ನಿನ್ನೆ ಗುರುದೇವಿಯ ಒಲೆಯಲ್ಲಿ ಮತ್ತೆ ಅಚ್ಚು ಎರೆದಿದ್ದೆ. ಸುಚೇತಾ ಐದು ಮನೆಗೆ ಹೋಗಿ ಬಂದಳು, ಲಂಗದ ಮೇಲೆ ದಪ್ಪ ಕೋಟು ಹಾಕಿಕೊಂಡು, ಮೂರು ದಿನ ತಡವಾಗಿ. ಹೊರಡುವ ಮುಂಚೆ ಒಂದು ತಟ್ಟೆ ತಂದು ನನ್ನ ಮುಂದಿಟ್ಟಳು.

‘ತಾತ, ದಿಸ್ ಒನ್ಸ್ ಬ್ರೋಕನ್. ಯು ಹ್ಯಾವ್ ಇಟ್.’

ಕೊಕ್ಕಿಲ್ಲದ ಗಿಣಿ. ಅವಳಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಮೂವತ್ತೈದು ವರ್ಷ ಪ್ರತಿ ಸಂಕ್ರಾಂತಿಗೆ ಇದನ್ನು ನನ್ನ ಮುಂದೆ ಇಟ್ಟವಳು ಬಾಯಿ ತೆರೆದು ಏನೂ ಹೇಳಲಿಲ್ಲ. ನಾನು ಪ್ರತಿ ಸಲ ಚೆನ್ನಾಗಿದೆ ಎಂದು ತಿಂದೆ. ಇದು ಈಗ ಮೇಜಿನ ಮೇಲಿದೆ. ಇನ್ನೂ ತಿಂದಿಲ್ಲ.

ಎಂಟನೆಯದು ನೆನಪಾಯಿತು. ಮೂಳೆ ಅಥವಾ ಹಲ್ಲು ಮುರಿಯುವುದು.

ಆ ಅಧಿಕಾರಿಣಿ ಬರೆದುಕೊಳ್ಳಲಿಲ್ಲ. ಗುಮಾಸ್ತನಾಗಿದ್ದವನಿಗೆ ಖಾಲಿ ಬಿಟ್ಟ ಅಂಕಣ ನೋಡಿದರೆ ಆಗುವುದಿಲ್ಲ. ಹಾಗಾಗಿ ಇಲ್ಲಿ.

ದಿನಾಂಕ: 14 ಜನವರಿ 1988, ಬೆಳಿಗ್ಗೆ ಹತ್ತು ಗಂಟೆ.
ಸ್ಥಳ: ಮೈಸೂರು, ನಮ್ಮ ಮನೆಯ ಅಡಿಗೆಮನೆ. ಬಚ್ಚಲಲ್ಲ.
ಕಾರಣ: ಅಚ್ಚು ಕಚ್ಚಿಕೊಂಡಿತ್ತು. ನೀವು ಮಣೆ ನೆನೆಸಿಡಲು ಮರೆತಿರಿ ಎಂದಳು ಸುವರ್ಣ. ಆ ಸಲ ನೆನೆಸುವ ಕೆಲಸ ನನಗೆ ಹೇಳಿದ್ದಳು, ಮರೆತದ್ದು ನಾನೇ.
ಪೆಟ್ಟು: ಮೇಲಿನ ಸಾಲಿನ ಮುಂದಿನ ಹಲ್ಲು, ಒಂದು. ಅದೇ ದಿನ ಮಧ್ಯಾಹ್ನ ಸೆರಗು ಕಚ್ಚಿಕೊಂಡು ಐದು ಮನೆಗೆ ಎಳ್ಳು ಬೀರಿ ಬಂದಳು.
ಹೊಡೆದವನು: ಶಿವರಾಮು, ನಾನೇ.
ಸಾಕ್ಷಿ: ಲತಾಶ್ರೀ, ವಯಸ್ಸು ಮೂರು, ಅಡಿಗೆಮನೆಯ ಬಾಗಿಲಲ್ಲಿ. ಎರಡೂ ಕೈ ಕಿವಿಯ ಮೇಲೆ.